ನಡುಗದ ಮೊಣಕೈ

ಮೊನ್ನೆ ತ್ಯಾಗರಾಜನಗರದ ಕ್ಷೌರದಂಗಡಿಯಲ್ಲಿ, ಕತ್ತಿ ಆಡಿಸುವ ಮುನ್ನ ನನ್ನ ಕತ್ತಿನ ಹಿಂದೆ ಪೌಡರ್ ಸವರಿದರು. ಆ ವಾಸನೆಗೆ ನನ್ನ ಬಾಯಿ ಕಟ್ಟಿಹೋಯಿತು. ಬಸ್ ಕಂಡಕ್ಟರನ ಕೂಗಿನಿಂದ ನಮ್ಮಪ್ಪನ ಗೊರಕೆಯವರೆಗೆ ಎಲ್ಲವನ್ನೂ ಅಣಕಿಸುವ ಬಾಯಿ ಇದು. ತಾನಾಗಿ ಮುಚ್ಚುವುದು ಅಪರೂಪ. ಎದುರುಮನೆ ಮಾಮ ನೆನಪಾಗಿದ್ದರು...

ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮಾಮ ಕ್ಲಬ್ಬಿನಿಂದ ಸೈಕಲ್ಲಿನಲ್ಲಿ ಬರುವಾಗ ಎಡಗೈ ತುಂಬ ಪೌಡರ್ ಇರುತ್ತಿತ್ತು. ಆಟದ ಕೋಲು ಬೆರಳ ಸಂದಿಯಲ್ಲಿ ಸಲೀಸಾಗಿ ಜಾರಲೆಂದು ಹಚ್ಚಿಕೊಂಡದ್ದು.

"ಮಾಮ, ಮುಖಕ್ಕೆ ಹಚ್ಚೋದು ಮರೆತುಬಿಟ್ರಾ?"

"ನಿನ್ನ ಮುಖಕ್ಕಾದ್ರೆ ಡಬ್ಬಿ ಪೂರ್ತಿ ಸಾಲಲ್ಲ ಕಣೋ, ಕೋತಿ!"

ಮಾಮ ಸುಳ್ಳು ಹೇಳುವವರಲ್ಲ.

ಅವರದು ಬಿಲಿಯರ್ಡ್ಸ್. ಅದರಲ್ಲೂ ಚೆಂಡು ಬೀಳುವ ಗುಂಡಿಗಳಿಲ್ಲದ ಮೇಜಿನ ಆಟ. ಮೂರೇ ಚೆಂಡು, ತನ್ನ ಚೆಂಡು ಒಂದೇ ಹೊಡೆತದಲ್ಲಿ ಉಳಿದೆರಡನ್ನೂ ಮುಟ್ಟಬೇಕು. ಊರು ಬಿಟ್ಟುಹೋದ ಯಾರೋ ದೊರೆ ಕ್ಲಬ್ಬಿಗೆ ಕೊಟ್ಟ ಮೇಜು ಅದು. ಗುಮಾಸ್ತರಾಗಿದ್ದ ಮಾಮ ಕಚೇರಿ ಮುಗಿಸಿ ಅದರ ಮೇಲೆ ಬಾಗಿ ಬಾಗಿ ಕೊನೆಗೆ ಚಾಂಪಿಯನ್ ಆದರು. ಆಮೇಲೆ ವರ್ಷ ವರ್ಷವೂ ಅವರೇ. ಆ ಮೊದಲ ಗೆಲುವಿನಿಂದಲೂ ನಾನು ಕ್ಲಬ್ಬಿನ ಕಿಟಕಿಗೆ ಅಂಟಿಕೊಂಡು ನೋಡುತ್ತಿದ್ದೆ. ಮದರಾಸಿನಿಂದ ಬಂದವರೂ ಸೋತು ರೈಲು ಹತ್ತಿದರು. ಗೆದ್ದ ಕಪ್ಪುಗಳಲ್ಲೊಂದರಲ್ಲಿ ಮಾಮಿ ಹೂಬತ್ತಿ ತುಂಬಿಡುತ್ತಿದ್ದರು.

ಒಂದು ವರ್ಷ ಮಾಮ ಅಭ್ಯಾಸದಲ್ಲೇ ಎಳೆಯರಿಗೆ ಸೋಲತೊಡಗಿದರು. ಒಂದು ಭಾನುವಾರ ನನ್ನನ್ನು ಕರೆದು, ಮನೆಯ ಮೇಜಿನ ಮುಂದೆ ನಿಲ್ಲಿಸಿ, ಕೈಗೆ ಕೊಡೆ ಕೊಟ್ಟರು.

"ನನ್ನ ಆಟ ನಂಗೆ ಕಾಣಲ್ಲ. ಊರೆಲ್ಲ ನನ್ನ ಅಣಕಿಸ್ತೀಯಲ್ಲ, ನಂಗೂ ತೋರ್ಸು. ಮೊದಲ ಸಲ ಗೆದ್ದಾಗ ಹೆಂಗಿದ್ದೆ?"

ಬಾಗಿದೆ. ಕೊಡೆ ಹಿಂದೆ ಮುಂದೆ ಜಾರಿತು. ಮೊಣಕೈ ಬಾಗಿಲ ಕೀಲಿನಂತೆ ನಿಂತಲ್ಲೇ ನಿಂತಿತ್ತು. ಮಾಮ ತಲೆಯಾಡಿಸಿದರು.

"ಈಗಿಂದು?"

ಮಾಡಿದೆ. ಮೊಣಕೈ ನಡುಗಿತು. ಕೊಡೆಯ ತುದಿಯೂ ನಡುಗಿತು. ಮಾಮ ಆ ತುದಿಯನ್ನು ಹಿಡಿದು ನಿಲ್ಲಿಸಿದರು.

"ನಗ್ಸೋಕೆ ಅಂತ ಜಾಸ್ತಿ ಮಾಡಿದ್ಯಾ?"

"ಇಲ್ಲ ಮಾಮ... ಕಮ್ಮೀನೇ ಮಾಡ್ದೆ."

ಅಡುಗೆಮನೆ ಬಾಗಿಲಲ್ಲಿದ್ದ ಮಾಮಿ, "ಈ ವರ್ಷ ಬಿಟ್ಬಿಡಿ ಅಂದ್ರೆ ಕೇಳಲ್ಲ. ಮೊದ್ಲು ಡಾಕ್ಟ್ರಿಗೆ ತೋರ್ಸೋಣ" ಎಂದರು.

"ಆ ಕಪ್ಪೊಂದು ಹೋದ್ರೆ ನಾನು ಬರೀ ಗುಮಾಸ್ತ ಕಣೇ," ಎಂದರು ಮಾಮ.

ಅಂದಿನಿಂದ ದಿನಾ ಸಂಜೆ ನಾನು ಅವರ ಹಳೆಯ ಮೊಣಕೈ ಆಗುತ್ತಿದ್ದೆ. ಅವರು ನನ್ನನ್ನು ನೋಡಿ ತಮ್ಮನ್ನೇ ಅಣಕಿಸಲು ಕಲಿಯುತ್ತಿದ್ದರು. ನಗಬಹುದಾಗಿತ್ತು. ಇಬ್ಬರೂ ನಗಲಿಲ್ಲ.

ಆ ವರ್ಷವೂ ಮಾಮ ಹೇಗೋ ಕೊನೆಯ ಪಂದ್ಯದವರೆಗೆ ಬಂದರು. ಅಲ್ಲೂ ಮುಂದಿದ್ದರು. ಇನ್ನೇನು ಮುಗಿಯಿತು ಎನ್ನುವಾಗ ಬಾಗಿದರು, ಗುರಿ ಹಿಡಿದರು... ಹೊಡೆಯದೆಯೇ ನೆಟ್ಟಗೆ ನಿಂತರು.

"ತಾಗಿತು," ಎಂದರು.

ಹೊಡೆಯುವ ಮುನ್ನ ಕೋಲು ಚೆಂಡಿಗೆ ತಾಗಿದರೆ ಸರದಿ ಎದುರಾಳಿಗೆ. ರೆಫರಿ ಕಂಡಿರಲಿಲ್ಲ. ಆದರೆ ಆ ಮೇಜಿನಲ್ಲಿ ತನ್ನ ತಪ್ಪನ್ನು ತಾನೇ ಹೇಳುವುದು ರೂಢಿ. ಎದುರಾಳಿ ಹುಡುಗ ಮತ್ತೆ ಸರದಿ ಬಿಟ್ಟುಕೊಡಲಿಲ್ಲ, ಕಪ್ಪು ಅವನದಾಯಿತು. ಆ ದಿನ ಮಾಮ ಪೌಡರ್ ಉಳಿಯದಂತೆ ಕೈತೊಳೆದುಕೊಂಡೇ ಮನೆಗೆ ಬಂದರು.

ಮರುವರ್ಷದ ಹೊತ್ತಿಗೆ ಲೋಟ ಎತ್ತಲೂ ಮಾಮಿಯೇ ಬೇಕಾಯಿತು. ಅದರ ಮುಂದಿನ ವರ್ಷ ಮಾಮನೇ ಇರಲಿಲ್ಲ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಮಾಮಿ ಅದೇ ಕೊಡೆ ತಂದುಕೊಟ್ಟರು. "ಗೆದ್ದಾಗಿಂದು ಒಂದ್ಸಲ ಮಾಡೋ. ನೋಡ್ಬೇಕು."

ಬಾಗಿದೆ. ನನ್ನ ಮೈಗೆ ಬಂದದ್ದು ನಡುಕವೊಂದೇ. ಇನ್ನೊಮ್ಮೆ ಬಾಗಿದೆ.

"ಸಾಕು ಬಿಡಪ್ಪ," ಎಂದು ಮಾಮಿ ಕೊಡೆ ಇಸಿದುಕೊಂಡರು.

ಮೊನ್ನೆ ಕನ್ನಡಿಯ ಮುಂದೆ, ಮೈಗೆ ಹೊದಿಸಿದ ಬಿಳಿ ಬಟ್ಟೆಯೊಳಗೆ, ಯಾರಿಗೂ ಕಾಣದಂತೆ ಮೊಣಕೈ ಮಡಿಸಿ ನೋಡಿದೆ. ಆ ಹಳೆಯ ಮೊಣಕೈ ಬಂದೀತೇನೋ ಎಂದು...

"ಅಲ್ಲಾಡ್ಬೇಡಿ ಸಾರ್," ಎಂದರು ಕ್ಷೌರದವರು. "ಕತ್ತಿ ತಾಗುತ್ತೆ."