ನಾನೂರ ಹದಿನೇಳರ ಇನ್ನರ್ಧ

ಡಬ್, ಡಬ್, ಡಬ್. ಬಸ್ಸು ಹಿಂದಕ್ಕೆ ಸರಿಯುವಾಗ ಕಂಡಕ್ಟರ್ ಅದರ ತಗಡಿನ ಮೈಗೆ ಅಂಗೈಯಿಂದ ಬಡಿಯುವ ಸದ್ದು. ನಮ್ಮ ದೊಡ್ಡತ್ತೆಯ ಮನೆ ಬಸ್ ನಿಲ್ದಾಣದ ಹಿಂಗೋಡೆಗೆ ಒತ್ತಿಕೊಂಡಿತ್ತು. ಆ ಸದ್ದಿಲ್ಲದೆ ಅವಳಿಗೆ ಬೆಳಗೇ ಆಗುತ್ತಿರಲಿಲ್ಲ. ಹಾಸಿಗೆಯಲ್ಲಿ ಮಲಗಿಕೊಂಡೇ, "ಇದು ಐದೂ ಮುಕ್ಕಾಲಿನದು. ಕಂಡಕ್ಟರ್ ಹೊಸಬ, ಕೈಯಲ್ಲಿ ಇನ್ನೂ ಭಯ ಇದೆ" ಎನ್ನುತ್ತಿದ್ದಳು.

ಒಬ್ಬ ಕಂಡಕ್ಟರ್ ಮಾತ್ರ ಬೆರಳಿಗೆ ದಪ್ಪನೆಯ ಉಂಗುರ ಹಾಕಿದ್ದ. ಅವನು ಬಡಿದರೆ ಟಣ್ ಎನ್ನುತ್ತಿತ್ತು. ಅದು ಮಧ್ಯಾಹ್ನ ಒಂದೂ ಮುಕ್ಕಾಲಿನ ಬಸ್ಸು. ಆ ಟಣ್ ಕೇಳಿದೊಡನೆ ದೊಡ್ಡತ್ತೆ ಕೈಯಲ್ಲಿ ಏನೇ ಕೆಲಸವಿದ್ದರೂ ಎದ್ದು, ನಿಲ್ದಾಣದಲ್ಲಿ ತಾನು ಕೆಲಸ ಮಾಡುವ ಕೋಣೆಯ ಚಾವಿಯನ್ನು ಮೊಳೆಗೆ ಸಿಕ್ಕಿಸಿ, ಅದರ ಹಿಂಬಾಗಿಲಿನಿಂದ ಹೊರಟುಬಿಡುತ್ತಿದ್ದಳು. ಆ ಬಸ್ಸಿನಲ್ಲಿ ಅವಳ ತಂಗಿ, ಅಂದರೆ ನಮ್ಮ ಚಿಕ್ಕತ್ತೆ, ಬರುತ್ತಿದ್ದಳು. ಅಕ್ಕತಂಗಿಯರು ಒಂದೇ ಕೋಣೆಯಲ್ಲಿ, ಒಂದೇ ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಹನ್ನೊಂದು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಅದು ನಿಲ್ದಾಣದ ಲಗೇಜ್ ರೂಮು. ಊರಿಂದೂರಿಗೆ ಹೋಗುವವರು ನಡುವೆ ಅರ್ಧ ದಿನ ಸಿಕ್ಕರೆ ಸಾಮಾನು ಇಟ್ಟು ಹೋಗುವ ಜಾಗ. ಬೆಳಗಿನ ಪಾಳಿ ದೊಡ್ಡತ್ತೆಯದು, ಮಧ್ಯಾಹ್ನದ ಪಾಳಿ ಚಿಕ್ಕತ್ತೆಯದು. ಅವರ ಅಪ್ಪ ನಡೆಸಿದ ಕೋಣೆ, ಅವನ ನಂತರ ಇವರಿಬ್ಬರಿಗೆ ಬಂದಿತ್ತು. ಮೂರು ಗೋಡೆಗೂ ಮರದ ಹಲಗೆಗಳು, ಎದುರಿಗೆ ಜಾಲರಿ ಕಿಟಕಿ, ಕಿಟಕಿಯ ಕೆಳಗೆ ಡ್ರಾಯರ್ ಇರುವ ಮೇಜು. ಪ್ರತಿ ಸಾಮಾನಿಗೂ ಒಂದು ದಪ್ಪ ಕಾಗದದ ಟೋಕನ್. ಅದನ್ನು ನಡುವೆ ಹರಿದು ಅರ್ಧವನ್ನು ಸಾಮಾನಿಗೆ ಕಟ್ಟಬೇಕು. ಅದರ ಮೇಲೆ ಸಾಮಾನೇನು, ಯಾರದು ಎಂದು ಬರೆಯಬೇಕು. ಬರೀ ನಂಬರಿರುವ ಇನ್ನರ್ಧವನ್ನು ಬಂದವರ ಕೈಗೆ ಕೊಡಬೇಕು. ಎರಡೂ ಅರ್ಧದ ಹರಿದ ಅಂಚು ಕೂಡಿದರೆ ಮಾತ್ರ ಸಾಮಾನು ವಾಪಸ್ಸು. ದೊಡ್ಡತ್ತೆ ನಂಬರು ನೋಡುತ್ತಲೇ ಇರಲಿಲ್ಲ. ಅಂಚಿಗೆ ಅಂಚು ಹಿಡಿದು, ಹೆಬ್ಬೆರಳಿನಿಂದ ಸವರಿ, "ಹ್ಞೂಂ, ನಿಮ್ದೇ" ಎನ್ನುತ್ತಿದ್ದಳು.

ಅವರಿಬ್ಬರೂ ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಆ ಕೋಣೆಗೆ ಬ್ರಿಕ್ ಗೇಮ್ ಬಂದಿದ್ದು ಒಂದು ಚೀಲದೊಳಗಿಂದ. ಮೇಲಿನ ಹಲಗೆಯಲ್ಲಿ ತಿಂಗಳಿಂದ ತೆಪ್ಪಗಿದ್ದ ಚೀಲ, ಪಕ್ಕದಲ್ಲೊಂದು ಟ್ರಂಕು ಒತ್ತಿ ಇಟ್ಟ ಕೂಡಲೇ ಕೀಚಲು ದನಿಯಲ್ಲಿ ಹಾಡತೊಡಗಿತು. ಕ್ಯೂನಲ್ಲಿದ್ದವರು ಬಾಂಬೆಂದು ಚಪ್ಪಲಿ ಬಿಟ್ಟು ಓಡಿದರು. ಕೆಂಪಂಗಿ ಎಂದು ಎಲ್ಲರೂ ಕರೆಯುತ್ತಿದ್ದ ಹಮಾಲಿ, ಓಡುವುದನ್ನೂ ಮರೆತು ನೀರಿನ ಡ್ರಮ್ಮಿನ ಹಿಂದೆ ಕೂತುಬಿಟ್ಟ.

"ಅಕ್ಕಾ, ಮುಟ್ಬೇಡಿ! ಪೊಲೀಸ್ರನ್ನ ಕರೀರಿ!" ಎಂದು ಅಲ್ಲಿಂದಲೇ ಕೂಗಿದ.

"ಪೊಲೀಸ್ರು ಬರೋ ಹೊತ್ತಿಗೆ ಹಾಡು ಮುಗ್ದಿರತ್ತೆ" ಎಂದು ದೊಡ್ಡತ್ತೆ ಚೀಲ ಬಿಚ್ಚಿದಳು. ಬಟ್ಟೆಗಳ ನಡುವೆ ಅಂಗೈಯಗಲದ ಬೂದು ಬಣ್ಣದ ಆಟದ ಡಬ್ಬಿ. ಕನ್ನಡಿಯಂಥ ಸಣ್ಣ ಪರದೆಯಲ್ಲಿ ಕಪ್ಪು ಚೌಕಗಳು ಮೇಲಿನಿಂದ ಒಂದೊಂದಾಗಿ ಉದುರುತ್ತಿದ್ದವು.

ಮೂರು ತಿಂಗಳಾದರೂ ಚೀಲದವರು ಬರಲಿಲ್ಲ. ನಿಯಮದಂತೆ ಡಿಪೋದವರು ಬಂದು ಚೀಲ ಒಯ್ದರು. ಆಟದ ಡಬ್ಬಿಯನ್ನು ಮಾತ್ರ, "ಇದನ್ನ ಏನಂತ ಬರ್ಕೊಳ್ಳೋದಮ್ಮ, ನೀವೇ ಇಟ್ಕೊಳ್ಳಿ" ಎಂದು ಮೇಜಿನ ಮೇಲೆ ಬಿಟ್ಟುಹೋದರು.

ಆಮೇಲಿನ ಎರಡು ವರ್ಷವನ್ನು ನೆನೆದರೆ ಈಗಲೂ ಆ ಕೋಣೆಯ ವಾಸನೆ ಮೂಗಿಗೆ ಬರುತ್ತದೆ: ಹಳೆ ಚರ್ಮ, ಗೋಣಿ, ಯಾರದೋ ಚೀಲದಲ್ಲಿ ಮಾಗುತ್ತಿದ್ದ ಹಣ್ಣು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಒಂದು ಟ್ರಂಕಿನ ಮೇಲೆ ಕೂರುತ್ತಿದ್ದೆ. ಆಗ ದೊಡ್ಡತ್ತೆಗೆ ಪಾಳಿ ಮುಗಿದರೂ ಮನೆಗೆ ಹೋಗುವ ಅವಸರವಿರಲಿಲ್ಲ. ಅಕ್ಕತಂಗಿಯರು ಒಂದೇ ಬೆಂಚಿನಲ್ಲಿ ಭುಜಕ್ಕೆ ಭುಜ ಒತ್ತಿ, ಸರದಿಯ ಮೇಲೆ ಆಡುತ್ತಿದ್ದರು. ಬೀಳುವ ತುಂಡುಗಳನ್ನು ಒತ್ತಾಗಿ ಜೋಡಿಸಬೇಕು, ಒಂದು ಅಡ್ಡಸಾಲು ತುಂಬಿದರೆ ಅದು ಮಾಯವಾಗಿ ಅಂಕ ಸಿಗುತ್ತಿತ್ತು. ಪ್ರತಿ ಆಕಾರಕ್ಕೂ ಒಂದೊಂದು ಹೆಸರು. ಚೌಕಾಕಾರದ್ದು ಟ್ರಂಕು. ಉದ್ದನೆಯದು ಹಾಸಿಗೆ ಸುರುಳಿ. ಮೂಲೆ ಇದ್ದದ್ದು ಕುರ್ಚಿ. ಎತ್ತ ತಿರುಗಿಸಿದರೂ ಎಲ್ಲೂ ಕೂರದ ಸೊಟ್ಟ ತುಂಡಿಗೆ ಮುನಿಸಮ್ಮ ಎಂದು ಹೆಸರಿಟ್ಟಿದ್ದರು.

ದೊಡ್ಡತ್ತೆ ಆಡುವ ರೀತಿಯೇ ಬೇರೆ. ಬಲಗಡೆಯ ಅಂಚಿನಲ್ಲಿ ಮೇಲಿನಿಂದ ಕೆಳಗೆ ಒಂದು ಸಂದಿ ಖಾಲಿ ಬಿಟ್ಟು, ಉಳಿದದ್ದನ್ನೆಲ್ಲ ಗೋಡೆಯಂತೆ ಕಟ್ಟುತ್ತ ಹೋಗುವಳು. ಹಾಸಿಗೆ ಸುರುಳಿ ಬಂದಾಗ ಆ ಸಂದಿಗೆ ಇಳಿಸಿ ನಾಲ್ಕು ಸಾಲನ್ನೂ ಒಟ್ಟಿಗೆ ಮಾಯ ಮಾಡುವಳು. ಕೋಣೆಯ ಹಲಗೆಗಳಲ್ಲೂ ಅವಳು ಹಾಗೆಯೇ ಬಲಕ್ಕೊಂದು ಗೇಣು ಬಿಟ್ಟಿರುತ್ತಿದ್ದಳು, ಯಾವಾಗಲಾದರೂ ಉದ್ದನೆಯ ಸಾಮಾನು ಬರುತ್ತದೆಂದು. ಚಿಕ್ಕತ್ತೆಗೆ ಅಷ್ಟು ತಾಳ್ಮೆಯಿಲ್ಲ. ಒಂದು ಸಾಲು ಸಿಕ್ಕಿದರೆ ಒಂದೇ ಸಾಲು.

"ಅಕ್ಕ, ಆ ಸುರುಳಿ ಬರೋ ಹೊತ್ತಿಗೆ ನೀನು ಮುದುಕಿ ಆಗಿರ್ತೀಯ."

"ಆಗ್ಲಿ ಬಿಡು. ನಿನ್ನ ಹಾಗೆ ಚಿಲ್ಲರೆ ಆಟ ಆಡೋದಕ್ಕಿಂತ ವಾಸಿ. ಏ, ಪುಟ್ಟಿ, ಮೊಣಕೈ ತೆಗಿ!"

ಮುರಿದದ್ದು ಒಂದು ಟೋಕನ್ನಿನಿಂದ. ಒಂದು ಸಂಜೆ ಹೆಂಗಸೊಬ್ಬಳು ಅಳುತ್ತ ಬಂದು, ಟೋಕನ್ ಕಳೆದಿದೆ, ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಬಸ್ಸು ಹೊರಡುತ್ತಿದೆ ಎಂದಳು. ಪೆಟ್ಟಿಗೆಯೊಳಗೆ ಏನೇನಿದೆ ಎಂದು ಚಿಕ್ಕತ್ತೆ ಕೇಳಿದಳು. ಅವಳು ಒಂದೂ ತಪ್ಪದೆ ಹೇಳಿದಳು. ಚಿಕ್ಕತ್ತೆ ಪೆಟ್ಟಿಗೆ ಕೊಟ್ಟಳು. ಮಾರನೆಯ ಬೆಳಿಗ್ಗೆ ಅದೇ ನಂಬರಿನ ಅರ್ಧ ಹಿಡಿದು ಗಂಡಸೊಬ್ಬ ಬಂದ. ಅವನು ಇಡೀ ನಿಲ್ದಾಣ ಕೇಳುವಂತೆ ದೊಡ್ಡತ್ತೆಯನ್ನು ಕಳ್ಳಿ ಎಂದ. ಡಿಪೋದವರು ಅವಳ ಕೈಯಿಂದ ತಪ್ಪೊಪ್ಪಿಗೆ ಬರೆಸಿಕೊಂಡರು.

ಎರಡು ಗಂಟೆಗೆ ಚಿಕ್ಕತ್ತೆ ಬಂದು ಎಂದಿನಂತೆ ಚಾವಿಗೆ ಅಂಗೈ ಚಾಚಿದಳು. ಕ್ಯೂನಲ್ಲಿ ಹತ್ತು ಜನ ನಿಂತಿದ್ದರು.

"ನಿನ್ನ ಕೈಗೆ ಚಾವಿ ಕೊಡೋದೂ ಒಂದೇ, ಬಾಗಿಲು ತೆರೆದಿಟ್ಟು ಹೋಗೋದೂ ಒಂದೇ" ಎಂದಳು ದೊಡ್ಡತ್ತೆ.

ಚಾಚಿದ ಕೈ ಹಿಂದಕ್ಕೆ ಹೋಯಿತು. "ಹಾಗಾದ್ರೆ ಇನ್ಮೇಲೆ ಕೈಗೆ ಕೊಡ್ಬೇಡ."

ಮಾರನೆಯ ದಿನ ಬಾಗಿಲ ಪಕ್ಕ ಒಂದು ಮೊಳೆ ಇತ್ತು. ಹೊಡೆದವಳು ಚಿಕ್ಕತ್ತೆ. ಅಂದಿನಿಂದ ಚಾವಿ ಆ ಮೊಳೆಗೆ. ತಂಗಿ ಪುಟ್ಟಿಯಾಗಿ ಉಳಿಯಲಿಲ್ಲ, 'ಮಧ್ಯಾಹ್ನದವಳು' ಆದಳು. ಅಕ್ಕ 'ಬೆಳಗಿನವರು' ಆದಳು. ಹೇಳಲೇಬೇಕಾದ್ದನ್ನು ಕೆಂಪಂಗಿ ಆಚೆಯಿಂದೀಚೆಗೆ ಹೊರುತ್ತಿದ್ದ. "ನಾನು ಜನರ ಹೊರೆ ಹೊರೋನು. ನಿಮ್ಮಿಬ್ರ ಮಾತು ಹೊತ್ತು ಹೊತ್ತು ಬೆನ್ನು ಬಿದ್ದೋಯ್ತು" ಎಂದು ಗೊಣಗುತ್ತಿದ್ದ.

ಆದರೆ ಬ್ರಿಕ್ ಗೇಮ್ ಡ್ರಾಯರಿನಲ್ಲಿಯೇ ಉಳಿಯಿತು. ಅದನ್ನು ಯಾರೂ ಮನೆಗೆ ಒಯ್ಯಲಿಲ್ಲ, ಎಸೆಯಲೂ ಇಲ್ಲ. ಪರದೆಯ ಮೂಲೆಯಲ್ಲಿ ಹೈಸ್ಕೋರ್ ಇರುತ್ತಿತ್ತು, ಅಲ್ಲಿಯವರೆಗೆ ಯಾರು ಮುಟ್ಟಿದ್ದಾರೋ ಆ ಅತಿ ದೊಡ್ಡ ಅಂಕ. ದೊಡ್ಡತ್ತೆ ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಅದನ್ನೇ ನೋಡುವಳು. ನಿನ್ನೆ ತಾನು ಬಿಟ್ಟದ್ದಕ್ಕಿಂತ ನೂರು ಹೆಚ್ಚಿದ್ದರೆ ಹಲ್ಲು ಕಚ್ಚಿ, "ಹೌದಾ? ಬಂದೆ ಇರು" ಎನ್ನುವಳು. ಮಧ್ಯಾಹ್ನದೊಳಗೆ ಆ ಅಂಕವನ್ನು ಹಿಂದೆ ಹಾಕದೆ ಊಟದ ಡಬ್ಬಿ ಬಿಚ್ಚುತ್ತಿರಲಿಲ್ಲ. ಒಮ್ಮೆ ನಾಲ್ಕು ದಿನ ಅಂಕ ಅಲುಗಾಡಲಿಲ್ಲ. ಐದನೆಯ ದಿನ ಕೆಂಪಂಗಿಯನ್ನು ಕರೆದು, ಎತ್ತಲೋ ನೋಡುತ್ತ, "ಮಧ್ಯಾಹ್ನದವಳಿಗೆ ಜ್ವರಗಿರ ಏನಾದ್ರೂ…" ಎಂದು ಕೇಳಿದಳು. ಜ್ವರವೇ ಆಗಿತ್ತು.

ವರ್ಷಗಳು ಹೀಗೆ ಹೋದವು. ಸೆಲ್ ಮುಗಿದಾಗಲೆಲ್ಲ ಮಧ್ಯಾಹ್ನದವಳೇ ಅಂಕ ಅಳಿಯದಂತೆ ಒಂದೊಂದಾಗಿ ಚಕ್ಕನೆ ಬದಲಿಸುತ್ತಿದ್ದಳು. ಆಟದ ಗುಂಡಿಗಳ ಮೇಲಿನ ಬಾಣದ ಗುರುತು ಸವೆದು ನುಣ್ಣಗಾಯಿತು. ಪರದೆ ಮಸುಕಾಗುತ್ತ ಬಂತು. ದೊಡ್ಡತ್ತೆ ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಮೂಗಿನ ತುದಿಗೆ ಇಳಿಸಿ ಆಡುತ್ತಿದ್ದಳು. ಹನ್ನೊಂದನೆಯ ವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಒಂದರ ಹಿಂದೊಂದು ಹಾಸಿಗೆ ಸುರುಳಿ ಬಂದು ಐವತ್ತೆಂಟು ಸಾವಿರದ ನಾನೂರು ಮುಟ್ಟಿದಳು. ಇಬ್ಬರಲ್ಲಿ ಯಾರೂ ಅಷ್ಟು ದೂರ ಹೋಗಿರಲಿಲ್ಲ. ಅವತ್ತು ಆಟವನ್ನು ಡ್ರಾಯರಿಗೆ ಹಾಕದೆ, ತಂಗಿಯ ಕಣ್ಣಿಗೆ ಬೀಳಲೆಂದು ಕಿಟಕಿಯ ಕಟ್ಟೆಯ ಮೇಲೇ ಇಟ್ಟು ಹೋದಳು.

ಅದೇ ತಿಂಗಳು ಡಿಪೋದಿಂದ ಕಾಗದ ಬಂತು. ನಿಲ್ದಾಣಕ್ಕೆ ನಂಬರ್ ಒತ್ತಿದರೆ ತೆರೆಯುವ ಕಬ್ಬಿಣದ ಕಪಾಟುಗಳು ಬರುತ್ತವೆ. ಲಗೇಜ್ ರೂಮು ಮುಚ್ಚುತ್ತದೆ. ಮುಂದಿನ ತಿಂಗಳ ಕೊನೆಯ ಶನಿವಾರ ಮೂರು ಗಂಟೆಗೆ ಇಬ್ಬರೂ ಹಾಜರಿದ್ದು ಸಹಿ ಹಾಕಿ ಚಾವಿ ಒಪ್ಪಿಸಬೇಕು.

ಆಮೇಲೆ ಒಂದು ಬೆಳಿಗ್ಗೆ ಆಟ ತೆರೆದರೆ ಹೈಸ್ಕೋರ್ ಜಾಗದಲ್ಲಿ ಸೊನ್ನೆ.

ದೊಡ್ಡತ್ತೆ ಮತ್ತೆ ಮತ್ತೆ ಆರಿಸಿ ಹಚ್ಚಿದಳು. ಸೊನ್ನೆಯೇ. "ಹನ್ನೊಂದು ವರ್ಷ ಮಾತು ಬಿಟ್ಳು, ಹೋಗ್ಲಿ ಅಂದೆ" ಎಂದಳು. "ಈಗ ಇದ್ದ ಒಂದನ್ನೂ ಒರೆಸಿ ಹಾಕಿದ್ಲು." ಆಟವನ್ನು ಮಗುಚಿ ಡ್ರಾಯರಿನೊಳಗೆ ತಳ್ಳಿದಳು. ಮೂರು ವಾರ ಮುಟ್ಟಲಿಲ್ಲ.

ಕೊನೆಯ ಶನಿವಾರ ನಾನು ಸಹಾಯಕ್ಕೆ ಹೋಗಿದ್ದೆ. ಹಲಗೆಗಳು ಖಾಲಿಯಾಗಿ ಕೋಣೆ ಎರಡು ಪಾಲು ದೊಡ್ಡದಾಗಿ ಕಾಣುತ್ತಿತ್ತು. ಮಾತಾಡಿದರೆ ದನಿ ಗೋಡೆಗೆ ತಾಗಿ ವಾಪಸ್ಸು ಬರುತ್ತಿತ್ತು.

"ಅತ್ತೆ, ಇವತ್ತಾದ್ರೂ ಚಿಕ್ಕತ್ತೆ ಹತ್ರ ಮಾತಾಡು. ನಾಳೆಯಿಂದ ಚಾವಿನೂ ಇರಲ್ಲ, ಮೊಳೆನೂ ಇರಲ್ಲ."

"ಸಹಿ ಹಾಕೋಕೆ ಬಾಯಿ ಬೇಕಾ? ಕೈ ಸಾಕು" ಎಂದಳು.

ಅವಳಿಗೆ ಆಗ ಬೇರೆಯೇ ಚಿಂತೆ. ವಾರಸುದಾರರಿಲ್ಲದೆ ಸಿಕ್ಕ ಟೋಕನ್ನುಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಹಾಕಿಡುವುದು ರೂಢಿ. ಅವತ್ತು ಡಬ್ಬಿಯಲ್ಲಿ ಒಂದು ಅರ್ಧ ಉಳಿದಿತ್ತು. ನಂಬರ್ ನಾನೂರ ಹದಿನೇಳು. ಮೂರು ವಾರದ ಹಿಂದೆ ಅದು ಮೊಳೆಗೆ ಚಾವಿಯ ಜೊತೆಯಲ್ಲೇ ಸಿಕ್ಕಿಕೊಂಡಿತ್ತು. ಯಾರೋ ಬೀಳಿಸಿಕೊಂಡು ಹೋದದ್ದನ್ನು ಮಧ್ಯಾಹ್ನದವಳು ಅಲ್ಲಿ ಸಿಕ್ಕಿಸಿದ್ದಾಳೆಂದು ದೊಡ್ಡತ್ತೆ ತೆಗೆದು ಡಬ್ಬಿಗೆ ಹಾಕಿದ್ದಳು. ಅರ್ಧ ಇದ್ದ ಮೇಲೆ ಅದರ ಸಾಮಾನೂ ಕೋಣೆಯಲ್ಲಿ ಇರಲೇಬೇಕು. ಸಾಮಾನು ಇರಲಿಲ್ಲ.

ನಾವು ಹಲಗೆಗಳ ಹಿಂದೆ ಕೈ ಹಾಕಿದೆವು. ಮೇಜು ಸರಿಸಿದೆವು. ನಾನು ಏಣಿ ಹತ್ತಿ ಅಟ್ಟದ ಧೂಳು ತಿಂದೆ.

"ಇನ್ನೊಂದು ಸಾಮಾನು ಕಳೀತು ಅಂದ್ರೆ…" ದೊಡ್ಡತ್ತೆ ಮೇಜಿನ ಅಡಿಗೆ ಮತ್ತೊಮ್ಮೆ ಬಗ್ಗಿ ಎದ್ದಳು. ಹನ್ನೊಂದು ವರ್ಷದ ಹಿಂದಿನ ತಪ್ಪೊಪ್ಪಿಗೆ ಅವಳ ಮುಖದ ಮೇಲೆ ಬಂದು ಹೋಯಿತು. "ಹೋಗುವಾಗ್ಲೂ ಕಳ್ಳಿ ಅನ್ನಿಸ್ಕೊಂಡೇ ಹೋಗ್ಬೇಕೇನೋ. ಯಾರಿಗೆ ಕೊಟ್ಟಿದಾಳೋ, ಆ ಮಹರಾಯಿತಿ!"

ಕೆಂಪಂಗಿ ಡ್ರಾಯರ್ ಖಾಲಿ ಮಾಡುತ್ತಿದ್ದ. ಆಟವನ್ನು ಎತ್ತಿ ಹಿಡಿದು, "ಇದು ನಿಮಗೆ ಬೇಡ ಅಂದ್ರೆ ಮೊಮ್ಮಗಳಿಗೆ ಒಯ್ಲಾ, ಅಕ್ಕ?" ಎಂದ.

"ತಗೊಂಡು ಹೋಗು. ನನ್ನ ಕಣ್ಣಿಂದ ದೂರ ಆದ್ರೆ ಸಾಕು. ಸೆಲ್ ಮಾತ್ರ ಬಿಟ್ಟು ಹೋಗು, ಗೋಡೆ ಗಡಿಯಾರ ನಿಂತಿದೆ. ನಿಂತ ಗಡಿಯಾರ ಒಪ್ಪಿಸಿದ್ರೆ ಅದಕ್ಕೂ ಮಾತು ಕೇಳ್ಬೇಕು."

ಅವನು ಬೆನ್ನಿನ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿದ. ಹೊಚ್ಚ ಹೊಸ ಸೆಲ್ಲುಗಳ ಮೇಲೆ ನಾಲ್ಕು ಮಡಿಕೆ ಮಾಡಿದ ದಪ್ಪ ಕಾಗದವೊಂದು ಕೂತಿತ್ತು. ಅದು ಮೇಜಿನ ಮೇಲೆ ಬಿತ್ತು.

ದೊಡ್ಡತ್ತೆ ಅದನ್ನು ಬಿಡಿಸಿದಳು. ಓದುವ ಮೊದಲು, ರೂಢಿಯ ಬಲದಿಂದ, ಡಬ್ಬಿಯಲ್ಲಿದ್ದ ಅರ್ಧವನ್ನು ಪಕ್ಕಕ್ಕೆ ಹಿಡಿದಳು. ಹರಿದ ಅಂಚಿಗೆ ಅಂಚು ಕೂಡಿತು. ಹೆಬ್ಬೆರಳು ಅದರ ಮೇಲೆ ಒಮ್ಮೆ ಹೋಗಿ, ಮತ್ತೆ ಹಿಂದಕ್ಕೆ ಬಂತು.

ಚಿಕ್ಕತ್ತೆಯ ದುಂಡು ಅಕ್ಷರ. ಸಾಮಾನು: ಐವತ್ತೆಂಟು ಸಾವಿರದ ನಾನೂರು. ವಾರಸುದಾರರು: ಅಕ್ಕ. ಅದರ ಕೆಳಗೆ, ಜಾಗ ಸಾಲದೆ ಅಂಚಿನಲ್ಲಿ ಓರೆಯಾಗಿ: ಹಳೇ ಸೆಲ್ ಸೋರಿತ್ತು, ಪರದೆ ನಿನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಬದಲಿಸುವಾಗ ಅಳಿಸಿಹೋಯಿತು. ಇಲ್ಲಿ ಬರೆದು ಇಟ್ಟಿದ್ದೇನೆ.

ಕೆಂಪಂಗಿ ನಿಧಾನವಾಗಿ ಆಟವನ್ನು ಮೇಜಿನ ಮೇಲೆ ಇಟ್ಟು ಕೈ ಹಿಂದಕ್ಕೆ ತೆಗೆದುಕೊಂಡ.

"ಕೈಗೆ ಕೊಡ್ಬೇಕಾದ ಅರ್ಧನ ಮೊಳೆಗೆ ಸಿಕ್ಕಿಸಿದ್ರೆ ಯಾರಿಗೆ ಗೊತ್ತಾಗತ್ತೆ?" ಎಂದಳು ದೊಡ್ಡತ್ತೆ. ಬೈದ ಹಾಗಿತ್ತು, ಆದರೆ ಕೂಡಿದ ಎರಡೂ ಅರ್ಧಗಳನ್ನು ನನ್ನ ಕಡೆ ಹಿಡಿದಳು. "ಟೋಕನ್ ಹರಿದು, ನಂಬರ್ ಹಾಕಿ… ನಿಯಮದ ಪ್ರಕಾರ ಇಟ್ಟಿದಾಳೆ ನೋಡೇ. ಒಂದು ಅಕ್ಷರ ತಪ್ಪಿಲ್ಲ."

ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಮತ್ತೆ ಹಾಕಿಕೊಳ್ಳಲಿಲ್ಲ.

ಹೊರಗೆ ಬಸ್ಸೊಂದು ಹಿಂದಕ್ಕೆ ಸರಿಯುತ್ತಿತ್ತು. ಟಣ್, ಟಣ್.

ಅವಳು ಎದ್ದಳು. ನಾನು ಹಿಂಬಾಗಿಲ ಕಡೆ ನೋಡಿದೆ. ಅವಳು ಮೊಳೆಯಿಂದ ಚಾವಿ ತೆಗೆದುಕೊಂಡು ಅಂಗೈಯಲ್ಲಿ ಹಿಡಿದಳು. ಇನ್ನೊಂದು ಕೈಯಲ್ಲಿ ಆಟ, ಬೆರಳುಗಳ ನಡುವೆ ಎರಡೂ ಅರ್ಧಗಳು.

"ಅತ್ತೆ, ಎಲ್ಲಿಗೆ? ಅವಳೇ ಇಲ್ಲಿಗೆ ಬರ್ತಾಳಲ್ಲ."

"ಬಂದ್ಮೇಲೆ ಕೊಡೋದಲ್ಲ ಇದು. ನೀನು ಕಿಟಕಿ ನೋಡ್ಕೋ" ಎಂದಳು, ಆಗಲೇ ಮುಂಬಾಗಿಲು ದಾಟುತ್ತ. "ಟೋಕನ್ ತೋರಿಸಿದ್ರೂ ಸಾಮಾನು ಕೊಡ್ದೆ ಇದ್ರೆ ನಾನೂ ಬಿಡೋಳಲ್ಲ ಅಂತ ಅವಳಿಗೆ ಗೊತ್ತಾಗ್ಲಿ, ಆ ಐವತ್ತೆಂಟು ಸಾವಿರನ ಅವಳ ಪಕ್ಕದಲ್ಲೇ ಕೂತು ಮೊದಲಿಂದ ಆಡಿ, ಅವಳ ಮೊಣಕೈ ಎಷ್ಟೇ ತಾಗಿದ್ರೂ ನಾನು…"