ಹೊಸ್ತಿಲಾಚೆಯ ತೊಟ್ಟಿಲು

ಕಾದ ಅರಗಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಜಯತ್ತೆಯೇ ನೆನಪಾಗುವುದು. ಚನ್ನಪಟ್ಟಣದ ನಮ್ಮ ಮನೆಯ ಹಿಂದಿನ ಚಪ್ಪರದಲ್ಲಿ ಅಪ್ಪನ ಈ ತಂಗಿ ಬೊಂಬೆ ಕಡೆಯುತ್ತಿದ್ದಳು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಕೇದಗೆ ಗರಿಯಿಂದ ಉಜ್ಜಿ ಹೊಳಪು ಬರಿಸುತ್ತಿದ್ದಳು. ಆದರೆ ನೆಂಟರು ಸೇರಿದಾಗ ಅಪ್ಪ ಹೇಳುವ ಜಯತ್ತೆಯೇ ಬೇರೆ: ತ್ರೀಡಿ ಸಿನಿಮಾದಲ್ಲಿ ಈಟಿ ಬಂತೆಂದು ಸೀಟಿನಡಿ ಬಗ್ಗಿದ ಪುಕ್ಕಲಿ. ಎಲ್ಲರೂ ನಗುತ್ತಾರೆ. ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಬಗ್ಗಿದ್ದು ನಿಜ, ಆದರೆ ಉಳಿದವರೆಲ್ಲ ಬಗ್ಗಿ ಆದಮೇಲೆ ಬಗ್ಗಿದಳು. ಹೆದರಿದವರು ಅಕ್ಕಪಕ್ಕ ನೋಡಿಕೊಂಡು ಬಗ್ಗುತ್ತಾರೆಯೇ?

ಅದು ಹಳೆಯ ಚಿತ್ರ, ನಮ್ಮೂರ ಟಾಕೀಸಿಗೆ ಮತ್ತೆ ಬಂದಿತ್ತು; ಅಪ್ಪ, ಜಯತ್ತೆ, ನಾನು ಹೋಗಿದ್ದೆವು. ಈಟಿ, ಹಾವು, ಬೆಂಕಿಯ ಉಂಡೆ ಎಲ್ಲವನ್ನೂ ನಮ್ಮ ಮೇಲೆ ಎಸೆದು ಮುಗಿದ ಮೇಲೆ ಒಂದು ಸದ್ದಿಲ್ಲದ ದೃಶ್ಯ ಬಂತು. ಹೊಸ್ತಿಲಲ್ಲಿ ಒಬ್ಬ ತಾಯಿ, ಅವಳ ಹಿಂದೆ ನಡುಮನೆ, ಅದರಾಚೆ ಕೋಣೆಯ ಮಬ್ಬಿನಲ್ಲಿ ಖಾಲಿ ತೊಟ್ಟಿಲು. ಏನೂ ಹಾರಿ ಬರಲಿಲ್ಲ. ಪರದೆಯೇ ಹಿಂದಕ್ಕೆ ಸರಿದಂತಾಗಿ, ಆ ತಾಯಿಗೂ ತೊಟ್ಟಿಲಿಗೂ ನಡುವಿನ ದೂರ ನನ್ನ ಎದೆಯಲ್ಲಿ ಬಂದು ಕೂತಿತು. ಚಿತ್ರದ ನಿಜವಾದ ಆಳ ಇದ್ದದ್ದು ಅಲ್ಲಿಯೇ ಎಂದು ಇವತ್ತಿಗೂ ಯಾರೊಡನೆ ಬೇಕಾದರೂ ವಾದಿಸುತ್ತೇನೆ.

“ತೊಟ್ಲು ಎಷ್ಟು ಒಳಗೈತೆ ನೋಡತ್ತೆ” ಎಂದೆ.

ಈ ಸಲ ಬಗ್ಗುವವರು ಯಾರೂ ಇರಲಿಲ್ಲ. ನೋಡಿಕೊಂಡು ಮಾಡಲು ಅವಳಿಗೆ ಏನೂ ಸಿಗಲಿಲ್ಲ. “ಎಲ್ಲಾ ಒಂದೇ ಹಲಗೆಗೆ ಅಂಟ್ಸಿದಂಗೈತಲ್ಲಣ್ಣ” ಎಂದು ಅಪ್ಪನಿಗೆ ಮೆಲ್ಲಗೆ ಹೇಳಿದಳು.

“ಕನ್ನಡಕ ಉಲ್ಟಾ ಹಾಕ್ಕೊಂಡಿದ್ದೀಯ ಕಣೆ, ಸರಿಯಾಗಿ ಹಾಕ್ಕೊ” ಎಂದ ಅಪ್ಪ. “ಈ ಸೀನ್‌ನಾಗೇನೈತೆ ಬುಡು. ಮೈಮೇಲೆ ಬಂದ್ರೇನೆ ತ್ರೀಡಿ.”

ಅವಳು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ತಿರುಗಿಸಿ ಹಾಕಿಕೊಂಡಳು. “ಹೂಂ, ಈಗ ಕಾಣ್ತೈತೆ” ಎಂದಳು.

ಆ ತೊಟ್ಟಿಲು ಒಳಗೆ ಸರಿದಂತೆ ಕಾಣಬೇಕಾದರೆ ಎರಡು ಕಣ್ಣೂ ಬೇಕು. ಅವಳ ಎಡಗಣ್ಣು ಎಂದೋ ಹೋಗಿತ್ತೆಂದು ರಾಮನಗರದ ಡಾಕ್ಟರು ಹೇಳಿದ್ದು ಬಹಳ ತಡವಾಗಿ, ಬಲಗಣ್ಣೂ ಮಸುಕಾದ ಮೇಲೆ. ಮೊದಲೇ ಬಂದಿದ್ದರೆ ಅದೊಂದನ್ನಾದರೂ ಉಳಿಸಬಹುದಿತ್ತಂತೆ. “ಹೇಳಿದ್ರೆ ಉಳಿ ಮುಟ್ಟಾಕೆ ಬುಡ್ತಿದ್ರಾ ನೀವು?” ಎಂದಷ್ಟೇ ಕೇಳಿದಳು ಜಯತ್ತೆ. ಕಡೆಯುವ ಯಂತ್ರ ನಿಂತಿತು. ತಾನೇ ಬಣ್ಣ ಕೊಟ್ಟ ಬೊಂಬೆಗಳನ್ನು ಬೆರಳಿನಿಂದ ಸವರುತ್ತ ಜಗಲಿಯಲ್ಲಿ ಕೂರುತ್ತಿದ್ದವಳು ಹೋದ ವರ್ಷ ತೀರಿಕೊಂಡಳು. ಚಪ್ಪರವನ್ನೂ ಕಿತ್ತರು. ತಿಥಿಯ ಊಟದಲ್ಲಿಯೂ ಅಪ್ಪ ಅದೇ ಕಥೆ ಹೇಳಿದ, ಎಲ್ಲರೂ ನಕ್ಕರು.

ಅಪ್ಪಾ, ಅವಳು ಕನ್ನಡಕ ತಿರುಗಿಸಿ ಹಾಕಿಕೊಂಡಾಗ ನೀನು ಪಕ್ಕದಲ್ಲೇ ಕೂತಿದ್ದೆ. ಪರದೆ ಬಿಟ್ಟು ಒಮ್ಮೆಯಾದರೂ ಅವಳ ಮುಖ ನೋಡಿದ್ದೆಯಾ?