ಬಿದಿರಿಗೆ ಹೆಗಲು ಕೊಟ್ಟವರು

ಎರಡು ಕೋಲು ಕಂಡರೆ ಸಾಕು, ಅವನ್ನು ಸಮಾನಾಂತರವಾಗಿ ಜೋಡಿಸಿಬಿಡುವ ಚಟ ನನ್ನದು. ಜಮಖಂಡಿ ಸಂಸ್ಥಾನದ ಸಾಲೆಯಲ್ಲಿ ಭೂಮಿತಿ ಕಲಿಸಿ ಕಲಿಸಿ ಹತ್ತಿದ ರೋಗವದು. ಊಟದ ತಾಟಿನಲ್ಲಿ ನುಗ್ಗೆಕಾಯಿಯನ್ನೂ ಹಾಗೆಯೇ ಇಡುತ್ತೇನೆಂದು ಮನೆಯಾಕೆ ಆಡಿಕೊಳ್ಳುತ್ತಾಳೆ. ಈ ಚಟ ಒಂದು ದಿನ ಇಡೀ ಓಣಿಯನ್ನು ಅಳುವಂತೆ ಮಾಡೀತೆಂದು ಮಾತ್ರ ನಾನು ಎಣಿಸಿರಲಿಲ್ಲ.

ನಮ್ಮ ಹಿತ್ತಿಲಲ್ಲಿ ದೊಡ್ಡಪ್ಪ ಆದಪ್ಪನವರು ಬೆಳೆಸಿದ ಬಿದಿರು ಮೆಳೆಯೊಂದಿದೆ. ಅನಗವಾಡಿಯ ಹೊಳೆದಂಡೆಯಿಂದ ಗಡ್ಡೆ ತಂದು, ಬಚ್ಚಲ ನೀರುಣಿಸಿ, ಮಕ್ಕಳಿಲ್ಲದ ಅವರು ಅದನ್ನು ಮಗನಂತೆ ಸಾಕಿದ್ದರು. ಬೇಸಿಗೆಯ ಕೊನೆಗೆ ಒಂದು ಸಂಜೆ ಬಿರುಗಾಳಿ ಎದ್ದು ಆ ಮಗನನ್ನು ಪಕ್ಕದ ಮನೆಯ ಮಾಳಿಗೆಯ ಮೇಲೆ ಮಲಗಿಸಿತು. ಅಲ್ಲಿ ನೇಮಣ್ಣನವರ ಸಂಡಿಗೆ ಒಣಗುತ್ತಿತ್ತು. ನೇಮಣ್ಣ ದೊಡ್ಡಪ್ಪನವರ ಬಾಲ್ಯದ ಗೆಳೆಯ. ಆದರೆ ಸಂಡಿಗೆಯ ಮುಂದೆ ಬಾಲ್ಯ ನಿಲ್ಲಲಿಲ್ಲ.

"ನಾಳಿ ಸಂಜಿ ಒಳಗ ಎತ್ತಲಿಲ್ಲಂದ್ರ ಬೇರ ಸಮೇತ ಕಿತ್ತಸ್ತೇನಿ ನೋಡು" ಎಂದು ಗೋಡೆಯಾಚೆಯಿಂದ ಕೂಗಿದರು.

ಕೆಮ್ಮಿನಿಂದ ಕೆಲವು ದಿನಗಳಿಂದ ಹಾಸಿಗೆ ಹಿಡಿದಿದ್ದ ದೊಡ್ಡಪ್ಪ ಅಂದು ಊಟ ಮಾಡಲಿಲ್ಲ. ಮೆಳೆ ಹೋದರೆ ಇವರೂ ಉಳಿಯಲಾರರು ಎನಿಸಿತು. ಬೆಳಗಾದಾಗ ನೋಡಿದರೆ ಅವರೇ ಕುಡಗೋಲು ಹಿಡಿದು ಮೆಳೆಯೊಳಗೆ ಹೊಕ್ಕಿದ್ದರು. ಮುರಿದವನ್ನು ಗಿಣ್ಣಿನ ಮೇಲೆ ಕೊಯ್ಯಬೇಕು, ಬಾಗಿದವನ್ನು ಎತ್ತಿ ಕಟ್ಟಬೇಕು, ಬುಡಕ್ಕೆ ಗೊಬ್ಬರ ಏರಿಸಬೇಕು, ಎಳೆ ಮೊಳಕೆ ತುಳಿಯಬಾರದು ಎಂದು ನನಗೆ ಅಪ್ಪಣೆಗಳಾದವು. ಅವರ ಮನಸ್ಸು ಹಗುರಾಗಲೆಂದು ನಾನು ನನ್ನ ಪುಸ್ತಕವಿದ್ಯೆ ಬಿಚ್ಚಿದೆ: ಬಿದಿರು ಮರವೇ ಅಲ್ಲ, ಶಾಸ್ತ್ರದ ಪ್ರಕಾರ ಅದೊಂದು ಹುಲ್ಲು.

"ಹುಲ್ಲಂದ್ರ ಛಲೋ ಆತು. ನೀ ಒಬ್ಬನ ಎತ್ತು" ಎಂದರು.

ಎತ್ತಿದೆ. ಹುಲ್ಲು ಅಲುಗಲಿಲ್ಲ. ಆಧಾರಕ್ಕೊಂದು ಚೌಕಟ್ಟಾದರೂ ಇರಲೆಂದು, ಕೊಯ್ದ ಎರಡು ಹಸಿ ಗಳಗಳನ್ನು ಮುಂಬಾಗಿಲ ಬಯಲಿಗೆ ಒಯ್ದೆ. ಸಮಾನಾಂತರವಾಗಿ ಮಲಗಿಸಿದೆ. ನಡುವೆ ಅಡ್ಡ ತುಂಡುಗಳನ್ನಿಟ್ಟು ನಾರಿನ ಹಗ್ಗದಿಂದ ಬಿಗಿದೆ. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ದೂರ ನಿಂತು ಎರಡು ಸಲ ನೋಡಿ ಮೆಚ್ಚಿಕೊಂಡು, ಇನ್ನಷ್ಟು ಹಗ್ಗ ತರಲು ಒಳಗೆ ಹೋದೆ.

ಎದುರುಮನೆಯಾಕೆ ಬಂದು ನನ್ನವಳ ಕೈ ಹಿಡಿದು, "ಒಲಿ ಹಚ್ಚಬ್ಯಾಡವಾ, ರೊಟ್ಟಿ ಜುಣಕ ನಾವ ಕಳಸ್ತೇವಿ" ಎಂದಳು. ಗಾಳಿಗೆ ಸಿಕ್ಕವರ ಮೇಲೆ ಜನಕ್ಕೆ ಎಷ್ಟು ಕರುಣೆ ಎಂದುಕೊಂಡು ಇವಳು ಸಂತೋಷದಿಂದ ಒಪ್ಪಿದಳು. ಆಮೇಲೆ ಗಂಡಸರು ಒಬ್ಬೊಬ್ಬರಾಗಿ ಬಂದು ಕಟ್ಟೆಯ ಮೇಲೆ ಮಾತಿಲ್ಲದೆ ಕುಳಿತರು. ಕೊನೆಗೆ, ನಾನು ಹಗ್ಗ ಹಿಡಿದು ಹೊರಬರುವಷ್ಟರಲ್ಲಿ, ನೇಮಣ್ಣ ಓಡುತ್ತ ಬಂದು ನನ್ನ ಚೌಕಟ್ಟಿನ ಪಕ್ಕದಲ್ಲೇ ಕುಸಿದರು.

"ಆದಪ್ಪಾ, ಸಂಡಿಗಿ ಸಲುವಾಗಿ ನಿನ್ನ ಬೈದೆನಲ್ಲೋ. ನನ್ನ ಮನಿ ಬಿದ್ರೂ ನಡೀತಿತ್ತು, ನೀ ಇರಬೇಕಾಗಿತ್ತೋ."

ಆಗ ನನ್ನ ತಲೆಗೆ ಹೊಳೆಯಿತು. ಹಗ್ಗ ಬಿಗಿದ ಹಸಿ ಬಿದಿರು ಬಾಗಿಲ ಮುಂದೆ ಬಿದ್ದಿದ್ದರೆ ನಮ್ಮ ಊರಿನಲ್ಲಿ ಯಾರೂ ಕಾರಣ ಕೇಳುವುದಿಲ್ಲ. ನಾನು ಕಟ್ಟಿದ್ದು ಚೊಕ್ಕ ಚಟ್ಟ.

ಅಳು ಕೇಳಿ ದೊಡ್ಡಪ್ಪ ಕುಡಗೋಲು ಸಮೇತ ಹಿತ್ತಿಲಿಂದ ಬಂದರು. "ಯಾರ ಹೋದ್ರೋ ನೇಮಣ್ಣಾ?" ಎಂದರು.

ನೇಮಣ್ಣ ಕಣ್ಣೊರೆಸಿಕೊಂಡು ಚಟ್ಟದತ್ತ ಬೆರಳು ತೋರಿಸಿದರು. ದೊಡ್ಡಪ್ಪ ಚಟ್ಟವನ್ನೂ, ಕುಳಿತ ಜನರನ್ನೂ, ನನ್ನ ಮುಖವನ್ನೂ ಸಾವಕಾಶ ನೋಡಿದರು. "ಹೆಂಗೂ ಹೆಗಲ ಕೊಡಾಕ ಬಂದೀರಿ. ಕೊಟ್ಟ ಹೋಗ್ರಿ" ಎಂದು ಎಲ್ಲರನ್ನೂ ಹಿತ್ತಿಲಿಗೆ ಕರೆದೊಯ್ದರು.

ಓಣಿಯ ಹೆಗಲೆಲ್ಲ ಸೇರಿದಾಗ ಮೆಳೆ ಎದ್ದು ನಿಂತಿತು. ತಮ್ಮ ಸಾವಿನ ರೊಟ್ಟಿ ಜುಣಕವನ್ನು ದೊಡ್ಡಪ್ಪ ಕೇಳಿ ಕೇಳಿ ಹಾಕಿಸಿಕೊಂಡು ಉಂಡರು. ಅಷ್ಟು ಅತ್ತ ಮೇಲೆ ಬೇರು ಕೀಳಿಸುವ ಮಾತೆತ್ತಲು ನೇಮಣ್ಣನವರಿಗೆ ನಾಲಿಗೆ ಏಳಲಿಲ್ಲ. ಹೊರಡುವಾಗ ಮೆಳೆಯ ಎಳೆ ಗಳಗಳನ್ನು ಒಂದೊಂದಾಗಿ ತಡವಿ ನೋಡಿ, "ಇದರಾಗ ಎರಡು ಛಲೋವು ನನ್ನ ಚಟ್ಟಕ್ಕ ಇಡೋ" ಎಂದರು.

"ಇಡ್ತೇನಿ" ಎಂದರು ದೊಡ್ಡಪ್ಪ. "ಆದರ ಅವು ಬಲಿಯೂತನಕ ನೀ ತಡೀಬೇಕು."